ಒಂದೇ ಮನೆಗೆ ಎರಡು ಬೀಗದಕೈ

"ಕೊಡಲ್ಲ," ಅಂದಳು ಅವಳು.

ಬಾಗಿಲಲ್ಲಿ ನಿಂತಿದ್ದವನು ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ನಮಸ್ಕಾರ ಹೇಳಲು ತೆರೆದ ಬಾಯಿ ಹಾಗೇ ಉಳಿಯಿತು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ ಮೇಡಂ..."

"ಕೇಳೋಕೇ ತಾನೆ ಬಂದಿರೋದು? ಅಡ್ಮಿನ್ ಪರ್ಮಿಷನ್. ಬೆಳಿಗ್ಗೆನೇ ಪಾದ್ರಿ ಅಯ್ಯನವರು ಫೋನ್ ಮಾಡಿ ಹೇಳಿದ್ರು."

ಅವಳು ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಟದ ಸಾಮಾನು ಬಚ್ಚಿಡುವ ಮಗುವಿನ ಹಾಗೆ ಕಂಡಳು, ಆದರೆ ಮುಖದಲ್ಲಿ ಆಟದ ಸುಳಿವೇ ಇರಲಿಲ್ಲ.

ಚರ್ಚಿನ ಪಕ್ಕದ ಆ ಆಫೀಸು ಕೋಣೆ ಮೊದಲೇ ಇಕ್ಕಟ್ಟು. ಒಂದು ಗೋಡೆಗೆ ಕಬ್ಬಿಣದ ಬೀರುಗಳು, ಇನ್ನೊಂದಕ್ಕೆ ಕಾಲು ಮುರಿದ ಕುರ್ಚಿಗಳು, ಮೂಲೆಯಲ್ಲಿ ಮೇಣದ ಬತ್ತಿಯ ಪೆಟ್ಟಿಗೆಗಳು. ಇಡೀ ಸಭೆಯ ಜನನ, ದೀಕ್ಷಾಸ್ನಾನ, ಮದುವೆ, ಮರಣ ಎಲ್ಲವೂ ಆ ಬೀರುಗಳಲ್ಲಿತ್ತು. ಬೀರುಗಳ ಬೀಗದಕೈ ಅವಳ ಹತ್ತಿರವಿತ್ತು. ಊಟಕ್ಕೆ ಎದ್ದರೂ ಬೀಗ, ಕೈ ತೊಳೆಯಲು ಹೋದರೂ ಬೀಗ. ಸಭೆಯವರು ಅವಳಿಗೆ ಬೀಗಮ್ಮ ಅಂತ ಹೆಸರಿಟ್ಟುಬಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗೀಗ ಎದುರಿಗೇ.

ಈಗ ಬೀರುವಿನಲ್ಲಿದ್ದದ್ದೆಲ್ಲ ಹೊಸ ಸಾಫ್ಟ್‌ವೇರಿಗೆ ಹೋಗಬೇಕಿತ್ತು. ಒಬ್ಬರ ಕೈಯಲ್ಲೇ ಎಲ್ಲ ಅಧಿಕಾರ ಇರಬಾರದು, ಇಬ್ಬರು ಅಡ್ಮಿನ್‌ಗಳು ಬೇಕೇ ಬೇಕು ಅಂತ ಅದನ್ನು ಮಾರಿದವರು ಹೇಳಿದ್ದರು. ಬೀಗಮ್ಮ ಒಬ್ಬಳು. ಇನ್ನೊಬ್ಬನಾಗಿ ಸಮಿತಿ ಆರಿಸಿ ಕಳಿಸಿದ್ದು ಇವನನ್ನು, ಮೂಲೆಯ ಕನ್ನಡಕದ ಅಂಗಡಿಯವನನ್ನು.

"ಮೇಡಂ, ಅರ್ಧ ಸಭೆಯ ಕಣ್ಣಿನ ನಂಬರ್ ನನ್ನ ಹತ್ರ ಇದೆ," ಅಂದ ಅವನು, ಬಾಗಿಲಲ್ಲೇ ನಿಂತು. "ಯಾರಿಗೆ ಎಷ್ಟು ಕಾಣಲ್ಲ ಅಂತ ಇವತ್ತಿನವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ಕಣ್ಣಿನ ನಂಬರ್ ಗೊತ್ತಾದ್ರೆ ಯಾರ ಮದುವೆಯೂ ಮುರಿಯಲ್ಲ," ಅಂದಳು.

ಅಂದ ಮೇಲೆ ತುಟಿ ಕಚ್ಚಿಕೊಂಡಳು. 'ಇವನ ಮುಂದೆ ಈ ಮಾತು ಯಾಕಾಡಿದೆ...'

ಅವನು ಕಾಲು ಮುರಿದ ಕುರ್ಚಿಗಳಲ್ಲಿ ಸ್ವಲ್ಪ ಕಡಿಮೆ ಮುರಿದದ್ದನ್ನು ಆರಿಸಿ ತಂದು ಹುಷಾರಾಗಿ ಕೂತ.

"ಸರಿ. ಎಷ್ಟು ಕೊಡಬಹುದೋ ಅಷ್ಟೇ ಕೊಡಿ."

"ಸದ್ಯಕ್ಕೆ ನೋಡೋದಕ್ಕೆ ಮಾತ್ರ. ಮುಟ್ಟೋ ಹಾಗಿಲ್ಲ."

"ಅಂಗಡಿಗೆ ಬರೋರಿಗೆ ನಾನೂ ಅದನ್ನೇ ಹೇಳ್ತೀನಿ. ಯಾರೂ ಕೇಳಲ್ಲ."

ಬೀಗಮ್ಮನಿಗೆ ನಗು ಬಂತು. ಬೀರುವಿನ ಕಡೆ ತಿರುಗಿ ಅದನ್ನು ನುಂಗಿಕೊಂಡಳು.

* * *

ಅವಳು ಹುಟ್ಟಿನಿಂದಲೇ ಬೀಗಮ್ಮ ಆಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವಳಿಗೆ ಮದುವೆ ಗೊತ್ತಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಬೇಡ ಅಂದುಬಿಟ್ಟ. ಕಾರಣ ಹೇಳಲಿಲ್ಲ. ಅವಳು ಆಗ ಇದ್ದ ಹಳೆಯ ಅಯ್ಯನವರ ಮುಂದೆ ಮಾತ್ರ ಅತ್ತು, ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡಳು. ಅವರು ಮರೆಯದಿರಲಿ ಅಂತ ಬರೆದಿಟ್ಟರು. ಬೀರು ತೆರೆದಿತ್ತು. ಮುಂದಿನ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬಂದರೆ, ಗೇಟಿನ ಹತ್ತಿರ ಗುಂಪು ಗುಂಪಾಗಿ ಅನುಕಂಪ!

"ಪಾಪ ಮಗು..." ಅಂತ ಒಬ್ಬರು. "ಒಳ್ಳೇದೇ ಆಯ್ತು ಬಿಡು," ಅಂತ ಇನ್ನೊಬ್ಬರು. ಯಾರು ಓದಿದರು, ಯಾರು ಹೇಳಿದರು, ಕೊನೆಗೂ ಗೊತ್ತಾಗಲಿಲ್ಲ. ಎಲ್ಲರೂ ಒಳ್ಳೆಯವರೇ ಆಗಿದ್ದರು, ಅದೇ ಅವಳಿಗೆ ಹೆಚ್ಚು ನೋವಾದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆಫೀಸಿನ ಕೆಲಸ ಖಾಲಿಯಾದಾಗ ಅವಳೇ ಕೇಳಿ ಸೇರಿಕೊಂಡಳು. ಮೊದಲ ದಿನ ಮಾಡಿದ ಕೆಲಸವೆಂದರೆ ಬೀರುಗಳಿಗೆ ಹೊಸ ಬೀಗ ಹಾಕಿಸಿದ್ದು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಗೊಣಗುತ್ತಿದ್ದರು. "ಬೀಗ ಬೀಗ ಅಂತ ಅದ್ರಲ್ಲೇ ಮುಳುಗಿರು. ನನಗೆ ಬೀಗರು ಸಿಗೋದು ಯಾವಾಗ?"

"ನಿನ್ನ ಯಂತ್ರಕ್ಕೆ ಎಣ್ಣೆ ಬಿಡಮ್ಮ, ಕಿರುಗುಟ್ತಿದೆ," ಅಂದು ಮಾತು ಮರೆಸುತ್ತಿದ್ದಳು ಮಗಳು.

* * *

ಅವನು ಮಧ್ಯಾಹ್ನದ ಹೊತ್ತು ಅಂಗಡಿಗೆ ಬಾಗಿಲು ಹಾಕಿ ಬರುತ್ತಿದ್ದ. ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು... ಇಬ್ಬರೂ ಕೂತು ಒಂದೊಂದೇ ತೀರ್ಮಾನ ಮಾಡಬೇಕಿತ್ತು.

ಭಾನುವಾರದ ಶಾಲೆಯ ಟೀಚರಿಗೆ ತನ್ನ ತರಗತಿಯ ಮಕ್ಕಳು ಮಾತ್ರ. ಹಾಡಿನ ತಂಡದವರಿಗೆ ಒಬ್ಬರಿಗೊಬ್ಬರ ಫೋನ್ ನಂಬರ್ ಸಾಕು. ಖಜಾಂಚಿಗೆ ಕಾಣಿಕೆಯ ಲೆಕ್ಕ ಕಾಣಲಿ, ಆದರೆ ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಅನ್ನುವುದು ಬೇಡ.

"ಹಿರಿಯರು ಒಬ್ಬರು ಎಲ್ಲಾನೂ ಕಾಣಬೇಕು ಅಂತಿದಾರೆ," ಅಂದ ಅವನು ಒಂದು ದಿನ.

"ಯಾಕಂತೆ?"

"ಹಿರಿಯರು ಅಂತ."

"ಅವರಿಗೆ ಮೊದಲು ನೀವು ಒಳ್ಳೇ ಕನ್ನಡಕ ಕೊಡಿ. ಹತ್ತಿರದ್ದೇ ಅವರಿಗೆ ಕಾಣಲ್ಲ, ಊರಿನದ್ದೆಲ್ಲ ಯಾಕೆ?"

ಅವನು ಜೋರಾಗಿ ನಕ್ಕ. ಪಕ್ಕದ ಸಭಾಂಗಣದಲ್ಲಿ ನೆಲ ಒರೆಸುತ್ತಿದ್ದವರು ಇಣುಕಿ ನೋಡಿ ಹೋದರು.

ಕೊನೆಗೆ ಉಳಿದದ್ದು ಪ್ರಾರ್ಥನೆಯ ಕೋರಿಕೆಗಳ ಪುಟ. ಜನ ಅಯ್ಯನವರ ಹತ್ತಿರ ಮಾತ್ರ ಹೇಳಿಕೊಳ್ಳುವ ಮಾತುಗಳ ಜಾಗ.

"ಇದು ಅಯ್ಯನವರಿಗೆ ಮಾತ್ರ," ಅಂದಳು.

"ಅಡ್ಮಿನ್‌ಗೂ ಇಲ್ವಾ?"

"ನಿಮಗೂ ಇಲ್ಲ. ನನಗೂ ಇಲ್ಲ."

"ನಿಮಗೂ?"

"ಬೇಲಿನೇ ಎದ್ದು ಹೊಲ ಮೇಯಬಾರದು ರೀ."

ಅವನು ಅವಳನ್ನೇ ನೋಡಿದ. ಬೀಗ ಹಾಕುವವರು ತಮಗೊಂದು ಕಿಂಡಿ ಇಟ್ಟುಕೊಂಡೇ ಹಾಕುತ್ತಾರೆ ಅಂತ ಅವನು ತಿಳಿದಿದ್ದ. ತನ್ನನ್ನೂ ಹೊರಗೇ ನಿಲ್ಲಿಸಿಕೊಂಡವಳನ್ನು ಕಂಡದ್ದು ಇದೇ ಮೊದಲು.

ಅವತ್ತು ಸಂಜೆ ಅವಳೇ ಅವನ ಹೆಸರಿನ ಮುಂದೆ ಪೂರ್ತಿ ಅಡ್ಮಿನ್ ಅನ್ನುವ ಗುರುತು ಹಾಕಿದಳು. ಹೇಳಲಿಲ್ಲ. ಮರುದಿನ ಅವನೇ ನೋಡಿಕೊಂಡ. ಅವತ್ತು ಎರಡು ಲೋಟ ಟೀ ತಂದ.

ಇನ್ನು ನಿಯಮಗಳನ್ನು ಬರೆದು ಸಮಿತಿಗೆ ಕೊಡಬೇಕಿತ್ತು. ಅವಳು ಹೇಳುತ್ತಾ ಹೋದಳು, ಅವನು ಟೈಪ್ ಮಾಡುತ್ತಾ ಹೋದ.

"ಸ್ವಂತ ಕೆಲಸಕ್ಕೆ ಯಾರ ಪುಟವನ್ನೂ ತೆರೆಯಬಾರದು... ಆಯ್ತಾ? ಇಬ್ಬರು ಅಡ್ಮಿನ್‌ಗಳು ಒಂದೇ ಮನೆಯವರಾಗಿರಬಾರದು."

ಅವನ ಬೆರಳು ನಿಂತಿತು. "ಅದ್ಯಾಕೆ?"

"ಒಂದೇ ಮನೆ ಅಂದ್ಮೇಲೆ ಎರಡು ಬೀಗದಕೈನೂ ಒಂದೇ ಮೊಳೆಗೆ ನೇತಾಕ್ತಾರೆ. ಒಬ್ಬರ ತಪ್ಪನ್ನ ಇನ್ನೊಬ್ಬರು ಮುಚ್ಚಿಹಾಕ್ತಾರೆ. ಅಪ್ಪ ಮಗ ಆಗ್ಲಿ, ಅಣ್ಣ ತಮ್ಮ ಆಗ್ಲಿ, ಯಾರೇ ಆಗ್ಲಿ."

"ಸರಿ," ಅಂದು ಟೈಪ್ ಮಾಡಿದ. ಎಂದಿಗಿಂತ ಸ್ವಲ್ಪ ನಿಧಾನವಾಗಿ.

ಅವಳು ಪರದೆಯತ್ತ ಬಗ್ಗಿದಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಅಭ್ಯಾಸದಂತೆ ಬೆರಳಿನಿಂದ ಮೇಲೆ ತಳ್ಳಿದಳು. ಮತ್ತೆ ಜಾರಿತು.

"ಕೊಡಿ ಇಲ್ಲಿ," ಅಂದ ಅವನು. "ಬಂದ ದಿನದಿಂದ ನೋಡ್ತಿದೀನಿ. ನನ್ನ ಕೈ ತುರಿಸ್ತಿದೆ."

ಕನ್ನಡಕ ತೆಗೆದದ್ದೇ ಲೋಕ ಮಸುಕಾಯಿತು. ಬೀರು, ಕುರ್ಚಿ, ಕಿಟಕಿ ಎಲ್ಲ ಒಂದರೊಳಗೊಂದು ಸೇರಿಹೋದವು. ಅವನು ಕಿವಿಯ ಕಡ್ಡಿಯನ್ನು ಬೆರಳಲ್ಲೇ ಮೆಲ್ಲಗೆ ಬಗ್ಗಿಸಿ, ಒರೆಸಿ, ಅವಳ ಮುಖಕ್ಕೆ ತಾನೇ ಹಾಕಿದ. ಕಿವಿಯ ಹಿಂದೆ ಅವನ ಬೆರಳು ತಾಗಿತೋ ಇಲ್ಲವೋ...

ಮಸುಕೆಲ್ಲ ಸರಿದು, ಮೊದಲು ಕಂಡದ್ದು ಅವನ ಮುಖ.

'ಅಯ್ಯೋ ದೇವರೇ,' ಅಂದುಕೊಂಡಳು ಬೀಗಮ್ಮ. 'ಇದು ಬೇಡ... ಇದೊಂದು ಬೇಡ.'

* * *

ಯಾರು ಯಾವ ಪುಟ ತೆರೆದರು ಅನ್ನುವುದನ್ನು ಆ ಸಾಫ್ಟ್‌ವೇರ್ ಲಾಗ್ ಅನ್ನುವ ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಅದನ್ನು ನೋಡುವುದು ಅವಳ ಕೆಲಸ. ವಾರಕ್ಕೊಮ್ಮೆ ನೋಡಿದರೆ ಸಾಕಿತ್ತು. ಅವಳು ದಿನಾ ಸಂಜೆ ನೋಡತೊಡಗಿದಳು.

ಒಂದು ಸಂಜೆ ಅವನ ಹೆಸರಿನ ಎದುರು ಒಂದು ಸಾಲಿತ್ತು. ಅವನು ತೆರೆದಿದ್ದ ಪುಟ ಅವಳ ಮನೆಯದು.

ಅವಳು, ಅಮ್ಮ, ವಿಳಾಸ, ಅಪ್ಪ ತೀರಿಕೊಂಡ ತಾರೀಖು. ಕೆಳಗೆ ಹಳೆಯ ಬೀರುವಿನಿಂದ ಬಂದು ಇನ್ನೂ ಅಳಿಸದೆ ಉಳಿದಿದ್ದ ಒಂದು ಮಾತು: ನಿಶ್ಚಯ ರದ್ದಾಗಿದೆ.

ಬೀಗಮ್ಮ ಆ ಸಾಲನ್ನು ಮತ್ತೊಮ್ಮೆ ಓದಿ, ಪರದೆ ಆರಿಸಿದಳು.

ಮರುದಿನ ಅವನು ಟೀ ಹಿಡಿದು ಬಂದಾಗ ಅವಳು ಲೋಟ ತೆಗೆದುಕೊಳ್ಳಲಿಲ್ಲ.

"ನಿನ್ನೆ ನನ್ನ ಮನೆ ಪುಟ ಯಾಕೆ ತೆಗೆದ್ರಿ?"

ಅವನ ಮುಖದ ಬಣ್ಣವೇ ಬದಲಾಯಿತು. "ಅದು... ಮೇಡಂ, ನಾನು..."

"ಯಾವ ಕೆಲಸಕ್ಕೆ?"

"ಕೆಲಸಕ್ಕಲ್ಲ."

ಅಷ್ಟಾದರೂ ನಿಜ ಹೇಳಿದನಲ್ಲ ಅಂತ ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಗೇಟಿನ ಹತ್ತಿರದ ಆ ಭಾನುವಾರ ಕಣ್ಣ ಮುಂದೆ ಬಂದು ನಿಂತಿತ್ತು.

"ಕೇಳಿದ್ರೆ ನಾನೇ ಹೇಳ್ತಿದ್ದೆ," ಅಂದಳು. "ಪಾಪ ಅಂತ ಓದಿದ್ರಾ, ಇಲ್ಲ ಒಳ್ಳೇದಾಯ್ತು ಅಂತಲಾ? ನೀವೂ ಅವರ ಹಾಗೇ. ನಾನೇ ದಡ್ಡಿ, ನಂಬಿದೆ."

ಅವನು ಏನೋ ಹೇಳಲು ಹೊರಟ. ಅವಳು ಬೀರುವಿನ ಕಡೆ ತಿರುಗಿ ನಿಂತಳು. ಸ್ವಲ್ಪ ಹೊತ್ತು ಕಾದು, ಟೀ ಲೋಟ ಮೇಜಿನ ಮೇಲಿಟ್ಟು ಹೊರಟುಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಅವಳು ಆಡಿ ಮುಗಿಸಿದ್ದಳು.

ಅದೇ ಸಂಜೆ ಪರದೆಯ ಮೇಲೆ ಸೂಚನೆ ಬಂತು. ಎರಡನೆಯ ಅಡ್ಮಿನ್ ತಮ್ಮ ಅಧಿಕಾರವನ್ನು ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾರೆ. ಕಾರಣದ ಜಾಗದಲ್ಲಿ ಅವನು ಬರೆದದ್ದು ಒಂದೇ ಸಾಲು: ನಿಯಮದ ಪ್ರಕಾರ.

'ತಪ್ಪು ಮಾಡಿದ್ದಕ್ಕೆ ತಾನೇ ಶಿಕ್ಷೆ ಕೊಟ್ಟುಕೊಂಡ,' ಅಂದುಕೊಂಡಳು. 'ಒಳ್ಳೇದೇ ಆಯ್ತು ಬಿಡು.'

ಗೇಟಿನ ಹತ್ತಿರ ಜನ ಹೇಳಿದ್ದ ಅದೇ ಮಾತನ್ನು ಈಗ ತನಗೆ ತಾನೇ ಹೇಳಿಕೊಂಡೆನಲ್ಲ ಅಂತ ಹೊಳೆದಾಗ ಅಳು ಬಂತು.

* * *

ದಿನಗಳು ಕಳೆದವು. ಮಧ್ಯಾಹ್ನಗಳು ಉದ್ದವಾದವು. ಸಂಜೆ ಲಾಗ್ ತೆರೆದರೆ ಸಾಲುಗಳೆಲ್ಲ ಅವಳ ಹೆಸರಿನವೇ. ನೋಡಲು ಏನೂ ಇರಲಿಲ್ಲ, ಆದರೂ ತೆರೆಯುತ್ತಿದ್ದಳು. ಹಾಗೆ ನೋಡುತ್ತಾ ಕೂತಾಗ ಒಂದು ದಿನ ಅವಳಿಗೇ ನಾಚಿಕೆಯಾಯಿತು. ಇಷ್ಟು ದಿನ ತಾನು ನೋಡುತ್ತಿದ್ದದ್ದು ಕಾವಲಿಗಾಗಿ ಅಲ್ಲವೇ ಅಲ್ಲ. ಅವನ ಹೆಸರು ಇದೆಯಾ ಅಂತ.

'ಹಾಗಾದರೆ ನಾನು ಮಾಡಿದ್ದೇನು? ಅವನ ಹೆಜ್ಜೆಗಳನ್ನು ಸ್ವಂತಕ್ಕೆ ನೋಡಿದ್ದು...'

ಅಮ್ಮ ಎರಡು ದಿನ ಮಗಳ ಮುಖ ನೋಡಿ, ಮೂರನೆಯ ದಿನ ಯಂತ್ರ ನಿಲ್ಲಿಸಿದರು.

"ಆ ಕನ್ನಡಕದ ಹುಡುಗ ಬರೋದು ಬಿಟ್ನಂತೆ?"

"ಯಾರು ಹೇಳಿದ್ರು?"

"ನಿನ್ನ ಮುಖ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ಯೇನೋ ಅನ್ನೋ ಭಯ ನನಗೆ."

"ನನ್ನ ಪುಟ ನೋಡಿದ ಅಮ್ಮ, ಕದ್ದು."

"ಕದ್ದು ನೋಡೋನು ಹೆಸರು ಬಿಟ್ಟು ಹೋಗ್ತಾನೇನೇ? ನೀನು ಅದನ್ನ ನೋಡ್ತೀಯ ಅಂತ ಅವನಿಗೆ ಗೊತ್ತಿರಲಿಲ್ವಾ?"

ಬೀಗಮ್ಮ ಎಣ್ಣೆಯ ಡಬ್ಬಿ ತಂದು ಯಂತ್ರಕ್ಕೆ ಬಿಡತೊಡಗಿದಳು.

ಮರುದಿನ ಅಯ್ಯನವರು ಆಫೀಸಿಗೆ ಬಂದು ಕೂತರು. "ಎರಡನೇ ಅಡ್ಮಿನ್ ಇಲ್ಲದೆ ಎಷ್ಟು ದಿನ ನಡೆಸ್ತೀಯಮ್ಮ? ಯಾರನ್ನ ಹಾಕೋಣ?"

"ಯಾರಾದ್ರೂ ಆಗ್ಬಹುದು ಅಯ್ಯನವರೇ."

"ಯಾರಾದ್ರೂ ಆಗಲ್ಲ. ನೀನೇ ನಿಯಮ ಬರೆಸಿದೀಯ." ಅಯ್ಯನವರು ಗಡ್ಡ ಸವರಿಕೊಂಡರು. "ಅವನು ನನ್ನ ಹತ್ರ ಬಂದಿದ್ದ. ಯಾಕೆ ಬಿಟ್ಟ ಅಂತ ಹೇಳಿದ. ಅದನ್ನ ನಿನಗೆ ಹೇಳೋ ಪರ್ಮಿಷನ್ ನನಗಿಲ್ಲ. ಆ ಬೀಗವನ್ನೂ ನೀನೇ ಹಾಕಿರೋದು."

ಅವಳ ಕೆನ್ನೆ ಬಿಸಿಯಾಯಿತು. ನಿಯಮಗಳನ್ನು ತೆರೆದು, ಹೆಸರು ಆರಿಸಲೆಂದು ಗಟ್ಟಿಯಾಗಿ ಓದಿದಳು.

"ಸಭೆಯ ಪೂರ್ಣ ಸದಸ್ಯರಾಗಿರಬೇಕು. ಸ್ವಂತ ಕೆಲಸಕ್ಕೆ ಯಾರ ಪುಟವನ್ನೂ ತೆರೆಯಬಾರದು." ಇಲ್ಲಿ ದನಿ ಸ್ವಲ್ಪ ಎಡವಿತು. "ಇಬ್ಬರು ಅಡ್ಮಿನ್‌ಗಳು ಒಂದೇ ಮನೆಯವರಾಗಿರಬಾ..."

ಅಲ್ಲಿಗೆ ನಿಂತಳು.

ಅದ್ಯಾಕೆ ಅಂತ ಅವನು ಕೇಳಿದ್ದು... ನಿಧಾನವಾಗಿ ಟೈಪ್ ಮಾಡಿದ್ದು... ನಿಯಮದ ಪ್ರಕಾರ ಅಂತ ಬರೆದದ್ದು...

"ಅಯ್ಯನವರೇ," ಅಂದಳು ಮೆಲ್ಲಗೆ. "ಆ ಹಾಡಿನ ತಂಡದ ನರ್ಸಮ್ಮ ಆಗಬಹುದಲ್ವಾ?"

"ಆಗಬಹುದು."

"ಹಾಗಾದ್ರೆ ನಾನು ಸ್ವಲ್ಪ ಹೊರಗೆ ಹೋಗಿ ಬರ್ತೀನಿ."

ಅವಳು ಹೊರಟುಹೋದ ಮೇಲೆ ಅಯ್ಯನವರು ಸುತ್ತ ನೋಡಿದರು. ಬೀರುವಿನ ಬೀಗದಕೈ ಮೇಜಿನ ಮೇಲೇ ಇತ್ತು. ಹಾಗಾದದ್ದು ಇದೇ ಮೊದಲು. ಅವರು ನಕ್ಕು, ಅವಳು ಬರುವವರೆಗೂ ತಾವೇ ಕಾವಲು ಕೂತರು.

* * *

ಅಂಗಡಿಯ ಬಾಗಿಲಿನ ಗಂಟೆ ಸದ್ದಾದಾಗ ಅವನು ಯಾರದೋ ಕನ್ನಡಕಕ್ಕೆ ಗಾಜು ಕೂರಿಸುತ್ತಿದ್ದ. ತಲೆಯೆತ್ತಿ ನೋಡಿದವನ ಕೈಯಿಂದ ಸಣ್ಣ ಸ್ಕ್ರೂ ಬಿದ್ದು ಎಲ್ಲೋ ಉರುಳಿಹೋಯಿತು. ಇಬ್ಬರೂ ನೆಲ ಹುಡುಕಿದರು. ಸಿಗಲಿಲ್ಲ. ಅದರಿಂದ ಒಂದು ಉಪಕಾರವಾಯಿತು, ಮುಖ ನೋಡದೆ ಮಾತು ಶುರು ಮಾಡಬಹುದಾಗಿತ್ತು.

"ಯಾಕೆ ಬಿಟ್ರಿ?" ಅವಳು ಕೇಳಿದಳು, ಮೇಜಿನ ಕೆಳಗೆ ನೋಡುತ್ತಾ.

"ಎರಡು ಕಾರಣ," ಅಂದ ಅವನು, ಕಪಾಟಿನ ಕೆಳಗೆ ನೋಡುತ್ತಾ. "ನಮ್ಮಮ್ಮ ಕೇಳಿದ್ರು. ಹುಡುಗಿ ಮನೆ ಎಲ್ಲಿ, ಮನೆಯಲ್ಲಿ ಯಾರ್ಯಾರಿದಾರೆ, ಒಂದೂ ಗೊತ್ತಿಲ್ದೆ ಹೇಗೋ ಹೋಗಿ ಕೇಳೋದು ಅಂತ. ನಿಮ್ಮ ಮನೆ ಪುಟ ತೆಗೆದೆ. ತೆಗೆದ ಕೂಡಲೇ... ನಿಯಮವನ್ನ ಟೈಪ್ ಮಾಡಿದೋನೇ ನಾನು ಅಂತ ನೆನಪಾಯ್ತು. ಮುಚ್ಚಿಬಿಟ್ಟೆ. ನಾನು ಏನೂ ಓದ್ಲಿಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ತೆರೆದದ್ದನ್ನು ಯಂತ್ರ ಬರೆದಿಟ್ಟುಕೊಂಡಿತ್ತು. ಓದದೆ ಮುಚ್ಚಿದ್ದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಅದನ್ನು ಮನುಷ್ಯರೇ ನಂಬಬೇಕಿತ್ತು.

ಅವಳು ನಂಬಿದಳು. ಎಷ್ಟೋ ವರ್ಷಗಳ ಮೇಲೆ ಯಾವ ಸಾಕ್ಷಿಯೂ ಇಲ್ಲದೆ ಒಬ್ಬರ ಬರೀ ಮಾತನ್ನು ನಂಬಿದಳು. ಕಣ್ಣು ತುಂಬಿತು.

"ನನಗೂ ಒಂದು ಹೇಳೋದಿದೆ," ಅಂದಳು. "ಲಾಗ್ ವಾರಕ್ಕೊಂದು ಸಲ ನೋಡಿದ್ರೆ ಸಾಕು. ನಾನು ದಿನಾ ನೋಡ್ತಿದ್ದೆ. ಕಾವಲಿಗಲ್ಲ... ನಿಮ್ಮ ಹೆಸರು ಇರುತ್ತಲ್ಲ, ಅದಕ್ಕೆ. ಆ ಲೆಕ್ಕದಲ್ಲಿ ನಾನೇ ದೊಡ್ಡ ಕಳ್ಳಿ. ನಿಮಗೆ ಅಷ್ಟು ಕೆಟ್ಟದಾಗಿ ಮಾತಾಡಿದೆ. ತಪ್ಪಾಯ್ತು."

ಅವನು ಸ್ಕ್ರೂ ಹುಡುಕುವುದನ್ನು ಬಿಟ್ಟು ಎದ್ದು ನಿಂತ. ಅವಳೂ ಎದ್ದಳು.

"ನನ್ನ ನಿಶ್ಚಯ ಒಂದು ಸಲ ಮುರಿದಿದೆ," ಅಂದಳು. "ಆ ಪುಟದಲ್ಲಿ ಇದ್ದದ್ದು ಅದು. ಓದಿಲ್ಲ ಅಂದ್ರಲ್ಲ, ಅದಕ್ಕೆ ನಾನೇ ಹೇಳ್ತಿದೀನಿ."

"ಕೇಳಿಸ್ತು."

"ಪಾಪ ಅನ್ಸುತ್ತಾ?"

"ಅವನಿಗೆ ಕಣ್ಣು ಕಾಣ್ತಿರಲಿಲ್ಲ ಅನ್ಸುತ್ತೆ. ನನ್ನ ಅಂಗಡಿಗೆ ಬಂದಿದ್ರೆ ಸರಿ ಮಾಡ್ತಿದ್ದೆ." ಸ್ವಲ್ಪ ತಡೆದು ಸೇರಿಸಿದ, "ಬರದೇ ಇದ್ದದ್ದು ನನ್ನ ಪುಣ್ಯ."

ಅವಳು ನಕ್ಕಳು. ನಗುತ್ತಾ ಅತ್ತಳು. ಅವನು ಅವಳ ಕನ್ನಡಕ ತೆಗೆದು, ಅಂಗಡಿಯ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕೈಯಲ್ಲೇ ಹಿಡಿದು ನಿಂತ.

"ಎರಡನೇ ಕಾರಣ ಹೇಳ್ಲಿಲ್ಲ ನೀವು."

"ನಿಮಗೆ ಗೊತ್ತು."

"ಗೊತ್ತು. ಆದ್ರೂ ನಿಮ್ಮ ಬಾಯಿಂದ ಕೇಳಬೇಕು."

ಅವನು ಗಂಟಲು ಸರಿಮಾಡಿಕೊಂಡ. "ಒಂದೇ ಮನೆಯಲ್ಲಿ ಎರಡು ಬೀಗದಕೈ ಇರಬಾರದು ಅಂತ ನೀವು ನಿಯಮ ಮಾಡಿದೀರಿ. ನಿಮ್ಮದನ್ನ ನೀವು ಬಿಡಲ್ಲ, ಬಿಡಬಾರದು ಕೂಡ. ಅದಕ್ಕೆ ನಾನು ಬಿಟ್ಟೆ. ನನಗೆ... ಆ ಮನೆ ಸಾಕು."

ಕನ್ನಡಕವಿಲ್ಲದೆ ಅವಳಿಗೆ ಎದುರಿನ ಗೋಡೆಯ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಕಾಣುತ್ತಿರಲಿಲ್ಲ. ಹತ್ತಿರ ನಿಂತಿದ್ದವನು ಮಾತ್ರ ಚೆನ್ನಾಗಿ ಕಾಣುತ್ತಿದ್ದ.

"ಬರ್ಕೊಳ್ಳಿ," ಅಂದಳು.

"ಏನನ್ನ?"

"ವಿಳಾಸ. ಹೊಲಿಗೆ ಯಂತ್ರದ ಸದ್ದು ಕೇಳೋ ಮನೆ, ಹಸಿರು ಬಾಗಿಲು. ನಾನು, ನಮ್ಮಮ್ಮ, ಇಬ್ಬರೇ. ನಾಳೆ ಸಂಜೆ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ. ನಮ್ಮಮ್ಮ ಬೀಗ ಸಾಕಾಗಿದೆ, ಬೀಗರು ಬೇಕು ಅಂತಿದಾರೆ."

ಅವನು ಬರೆದುಕೊಳ್ಳಲಿಲ್ಲ. ಮರೆಯುವ ವಿಳಾಸವೇ ಅಲ್ಲ ಅದು. ಕನ್ನಡಕವನ್ನು ಅವಳ ಮುಖಕ್ಕೆ ಹಾಕಿ, ಕಿವಿಯ ಹಿಂದೆ ಮೆಲ್ಲಗೆ ಸರಿಪಡಿಸಿದ. ಈ ಸಲ ಬೆರಳು ತಾಗಿತು, ಅನುಮಾನವೇ ಇರಲಿಲ್ಲ.

"ಅಲ್ಲ ಬೀಗಮ್ಮ," ಅಂದ. "ಇನ್ಮೇಲೆ ನನಗೇನು ಪರ್ಮಿಷನ್?"

"ಸದ್ಯಕ್ಕೆ ನೋಡೋದಕ್ಕೆ ಮಾತ್ರ."

"ತಿದ್ದೋದಕ್ಕೆ?"

"ಅದು ಮದುವೆ ಆದ್ಮೇಲೂ ಇಲ್ಲ."

"ಸರಿ," ಅಂದ ಅವನು. "ತಿದ್ದೋಂಥದ್ದು ಏನೂ ಕಾಣ್ತಾ ಇಲ್ಲ ನನಗೆ."